ಕಾರಿನಲ್ಲಿ ಬೇರೆ ಯಾರೋ ಇದ್ದರು

ಕಾರು ಒರೆಸುವವರು ಕಾರಿನ ಸೀಟಿನಲ್ಲಿ ಕೂರಬಾರದು. ಮೊಣಕಾಲೂರಬಹುದು, ಬಗ್ಗಬಹುದು, ಹೊಟ್ಟೆಯ ಮೇಲೆ ಅಡ್ಡ ಬಿದ್ದು ಕೈ ಚಾಚಬಹುದು. ಕೂರುವ ಹಾಗಿಲ್ಲ. ಸೀಟಿನೊಳಗೆ ಭಾರ ತಿಳಿಯುವ ಸೆನ್ಸರ್ ಇದೆ, ಯಾರು ಯಾವಾಗ ಕೂತರೂ ಆಫೀಸಿಗೆ ಗೊತ್ತಾಗುತ್ತದೆ ಎಂದು ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ದ. ಅವನು ಹೇಳಿದ ರೀತಿ ನೋಡಿದರೆ, ಇವರ ಮೈ ತಾಗಿದರೆ ಸೀಟು ಸುಟ್ಟೇ ಹೋಗುತ್ತದೇನೋ ಅನ್ನಬೇಕು.

ಅದು ನೆಲಮಾಳಿಗೆಯ ಕೆಳಗಿನ ಇನ್ನೊಂದು ನೆಲಮಾಳಿಗೆ. ಹಗಲು ರಾತ್ರಿ ಟ್ಯೂಬ್‌ಲೈಟು. ನಲವತ್ತೆರಡು ಕಾರು. ಯಾವುದೂ ಯಾರದ್ದೂ ಅಲ್ಲ, ದುಡ್ಡಿದ್ದವರಿಗೆ ಎಲ್ಲವೂ ಅವರದ್ದೇ. ಫೋನಿನಲ್ಲಿ ಬುಕ್ ಮಾಡುತ್ತಾರೆ, ಬಂದು ಒತ್ತುತ್ತಾರೆ, ಬಾಗಿಲು ತೆರೆಯುತ್ತದೆ. ಗಂಟೆಗಿಷ್ಟು, ಕಿಲೋಮೀಟರಿಗಿಷ್ಟು, ಗಲೀಜು ಮಾಡಿದರೆ ಇಷ್ಟು. ವಾಪಸ್ ತಂದು ನಿಲ್ಲಿಸಿ ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ಅವರು ಬಿಟ್ಟುಹೋದದ್ದನ್ನು ತೆಗೆಯಲು ಇಬ್ಬರು ಹೆಂಗಸರು. ಅತ್ತಿಗೆ ಮತ್ತು ನಾದಿನಿ.

ನಾದಿನಿಗೆ ಕಡ್ಡಿ ಎಂದು ಹೆಸರಿಟ್ಟವಳು ಅತ್ತಿಗೆಯೇ. ಮದುವೆಯಾಗಿ ಆ ಮನೆಗೆ ಬಂದಾಗ ಈ ಹುಡುಗಿಗೆ ಏಳು ವರ್ಷ, ತಾಯಿಯಿಲ್ಲ, ತೋಳು ನೋಡಿದರೆ ಬೆಂಕಿಕಡ್ಡಿ. "ಇದಕ್ಕೆ ಜಡೆ ಹಾಕಿದ್ರೆ ಜಡೆ ಭಾರಕ್ಕೇ ಬಿದ್ದೋಗುತ್ತಲ್ಲ" ಎಂದು ನಕ್ಕು, ಜಡೆ ಹಾಕಿ, ಕೈಬಿಡದೆ ಸಾಕಿದಳು. ತನಗೆ ಮಕ್ಕಳಾಗಲಿಲ್ಲ. ಕಡ್ಡಿಯೇ ಮಗಳಾದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು, ಒಂದೇ ಬಸ್ಸಿನಲ್ಲಿ ನಿಂತು, ಒಂದೇ ಬಾಗಿಲಿನಿಂದ ಕೆಲಸಕ್ಕಿಳಿಯುತ್ತಿದ್ದರು.

ಒಂದು ಕಾರಿಗೆ ಹದಿನೆಂಟು ನಿಮಿಷ. ಕೋಡ್ ಒತ್ತಿದರೆ ಹದಿನೆಂಟು ನಿಮಿಷ ಬಾಗಿಲು ತೆರೆದಿರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮ್ಯಾಟು ಝಾಡಿಸಿ, ಸೀಟಿನ ಸಂದಿಯಿಂದ ಬಿಸ್ಕತ್ತಿನ ಪುಡಿ, ಉಗುರು, ಕೂದಲು, ಬಳಸಿ ಎಸೆದ ಏನೇನೋ ತೆಗೆದು, ಮಗು ಕಾರಿಕೊಂಡದ್ದನ್ನು ಬಳಿದು, ಗಾಜು ಒರೆಸಿ, ಆರು ಫೋಟೋ ತೆಗೆದು ಆಪ್‌ಗೆ ಹಾಕಬೇಕು. ಫೋಟೋದಲ್ಲಿ ಒರೆಸಿದವಳ ನೆರಳೂ ಬೀಳಬಾರದು. ಗಾಜಿನಲ್ಲಿ ಮೂಗಿನ ತುದಿ ಕಂಡರೂ ಆಪ್ ಫೋಟೋವನ್ನು ಮುಖಕ್ಕೆಸೆಯುತ್ತಿತ್ತು: ‘ಚಿತ್ರದಲ್ಲಿ ವ್ಯಕ್ತಿ ಕಾಣಿಸುತ್ತಿದ್ದಾರೆ. ಮತ್ತೆ ಪ್ರಯತ್ನಿಸಿ.’ ಔಷಧಿ ನೀರಿಗೆ ಕೈ ಬಿರಿದು, ಅನ್ನ ಕಲಸಿದರೆ ಉರಿ. ಅತ್ತಿಗೆ ತನ್ನ ದುಡ್ಡಿನಲ್ಲೇ ಹಳದಿ ರಬ್ಬರ್ ಗವಸು ತಂದುಕೊಂಡಿದ್ದಳು. ಒಂದೇ ಜೊತೆ. ದಿನ ಬಿಟ್ಟು ದಿನ ಇಬ್ಬರೂ ಹಾಕಿಕೊಳ್ಳುತ್ತಿದ್ದರು.

"ಒಂದು ಗಂಟೆ ಬಾಡಿಗೆ ಅಂದ್ರೆ ನಾವು ಹನ್ನೊಂದು ಕಾರು ಉಜ್ಜಬೇಕು ಕಣೇ" ಎಂದು ಅತ್ತಿಗೆ ಲೆಕ್ಕ ಹಾಕುತ್ತಿದ್ದಳು. "ಒಂದಿನ ತಗೊಳ್ಳೋಣ. ನಿಮ್ಮಣ್ಣ ಮುಂದೆ. ನಾನು ಹಿಂದೆ, ಕಾಲು ಚಾಚ್ಕೊಂಡು."

"ಓಡಿಸೋರು ಯಾರು ಅತ್ತಿಗೆ?"

"ಅದು ಆಮೇಲಿನ ಮಾತು. ಮೊದ್ಲು ಕೂತ್ಕೊಳ್ಳೋಣ."

ಕಂಪನಿಯವರು ಇವರನ್ನು ಕೆಲಸದವರು ಎಂದು ಕರೆಯುತ್ತಿರಲಿಲ್ಲ. ‘ಸ್ವಚ್ಛತಾ ಸಹಭಾಗಿ’ ಎನ್ನುತ್ತಿದ್ದರು. ಕೆಲಸದವರೆಂದರೆ ರಜೆ ಕೊಡಬೇಕು, ಕಾಯಿಲೆಗೆ ನೋಡಬೇಕು. ಸಹಭಾಗಿಗೆ ನಮಸ್ಕಾರ ಹೇಳಿದರೆ ಸಾಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಸುವುದರಲ್ಲಿ ಅವರು ನಿಸ್ಸೀಮರು.

ಈ ನಿಯಮಗಳ ಮೇಲೆ ಇನ್ನೊಂದು ನಿಯಮ. ಗ್ರಾಹಕರ ಕಣ್ಣಿಗೆ ಬೀಳಬಾರದು. ಕಾರು ತಮಗಾಗಿಯೇ ಈಗ ತಾನೇ ಹುಟ್ಟಿಬಂದಿದೆ ಎಂದು ಅವರಿಗೆ ಅನ್ನಿಸಬೇಕಂತೆ. ಬಕೆಟ್ ಹಿಡಿದವಳು ಎದುರಿಗಿದ್ದರೆ ಹಾಗನ್ನಿಸುವುದಿಲ್ಲ. ಅದಕ್ಕೆ ಲಿಫ್ಟಿನ ಗಂಟೆ ಟಣ್ ಎಂದ ಕೂಡಲೇ ಬಕೆಟ್ ಎತ್ತಿಕೊಂಡು ಕಂಬದ ಹಿಂದೆ ಹೋಗಬೇಕು. ಗ್ರಾಹಕರು ಕಾರು ತೆಗೆದುಕೊಂಡು ಹೊರಟ ಮೇಲೆ ಈಚೆ ಬರಬೇಕು. ಹಿಂದಿನ ತಿಂಗಳು ಬಟ್ಟೆ ಹಿಂಡುತ್ತಿದ್ದ ಕಡ್ಡಿಯನ್ನು ಯಾರೋ ನೋಡಿ ಮೂಗು ಮುರಿದು ಆಪ್‌ನಲ್ಲಿ ದೂರು ಬರೆದಿದ್ದರು. ಮೂರು ದಿನ ಅವಳ ಕೋಡ್ ಬಂದ್ ಮಾಡಿದರು. ಸತ್ತ ಮೇಲೆ ದೆವ್ವವಾಗುತ್ತಾರೆ ಅನ್ನುತ್ತಾರಲ್ಲ, ಇವರಿಗೆ ಬದುಕಿರುವಾಗಲೇ ದೆವ್ವದ ಕೆಲಸ ಕೊಟ್ಟಿದ್ದರು. ದಿನಕ್ಕೆ ಮೂವತ್ತು ಸಲ ಗಂಟೆ, ಮೂವತ್ತು ಸಲ ಕಂಬ. ಒಂದೂವರೆ ವರ್ಷದಲ್ಲಿ ಗಂಟೆ ಕೇಳಿದರೆ ತಲೆಗಿಂತ ಮೊದಲು ಕಾಲು ಹೊರಡುವಂತಾಗಿತ್ತು.

ಆ ದಿನ ಬೆಳಿಗ್ಗೆ ಒಂಬತ್ತು ದಾಟಿತ್ತು. ಹದಿನೇಳನೇ ನಂಬರಿನ ಕಾರು. ಯಾರೋ ಸಮುದ್ರಕ್ಕೆ ಹೋಗಿ ಅರ್ಧ ಮರಳನ್ನು ಕಾರಿನಲ್ಲೇ ತಂದಿದ್ದರು. ಅತ್ತಿಗೆ ಹಿಂದಿನ ಬಾಗಿಲಿನಲ್ಲಿ ಮೊಣಕಾಲೂರಿ ಮರಳು ಬಾಚುತ್ತಿದ್ದಳು. ಗವಸಿನ ಸರದಿ ಅವಳದ್ದು. ಕಡ್ಡಿ ಮುಂದಿನ ಗಾಜು ಒರೆಸುತ್ತಿದ್ದಳು.

"ಕಡ್ಡೀ, ಎದೆ ಹಿಡ್ಕೊಂಡಂಗಾಗ್ತಿದೆ ಕಣೇ."

ತಿರುಗಿ ನೋಡುವಷ್ಟರಲ್ಲಿ ಅತ್ತಿಗೆ ಒದ್ದೆ ನೆಲದಲ್ಲಿ ಕೂತಿದ್ದಳು. ಮುಖದ ತುಂಬ ಬೆವರು. ತುಟಿ ಬೂದಿ ಬಣ್ಣ. ಕಡ್ಡಿ ಅವಳ ಕಂಕುಳಿಗೆ ಕೈ ಕೊಟ್ಟು ಎಳೆದಳು, ನೂಕಿದಳು, ಹೇಗೋ ಹಿಂದಿನ ಸೀಟಿಗೆ ಏರಿಸಿದಳು. ಆ ಸ್ಥಿತಿಯಲ್ಲೂ ಅತ್ತಿಗೆ, "ಬೇಡ ಕಣೇ, ಸೀಟು" ಅಂದಳು.

"ಸೀಟಿನ ಮನೆ ಹಾಳಾಗ್ಲಿ. ಮಲಗು."

ಆ ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕಂಪನಿಯ ವೈಫೈ ಒಂದೇ, ಅದರಲ್ಲಿ ಕಂಪನಿಯ ಆಪ್ ಒಂದೇ. ಕಡ್ಡಿ ಸಹಾಯದ ಗುಂಡಿ ಒತ್ತಿದಳು. ಸಮಸ್ಯೆ ಏನು ಎಂದು ಆಪ್ ಕೇಳಿತು. ಕಲೆ, ವಾಸನೆ, ಗಾಜು, ಟೈರು, ಇತರೆ. ಇತರೆ ಒತ್ತಿದಳು. ‘ನಿಮ್ಮ ದೂರು ನಮಗೆ ಮುಖ್ಯ. ಮೂವತ್ತು ನಿಮಿಷದಲ್ಲಿ ನಮ್ಮ ಪ್ರತಿನಿಧಿ ಸಂಪರ್ಕಿಸುತ್ತಾರೆ.’

ಆಸ್ಪತ್ರೆ ಹತ್ತು ನಿಮಿಷದ ದಾರಿ. ಸುತ್ತ ನಲವತ್ತೆರಡು ಕಾರು ನಿಂತಿದ್ದವು. ಅವಳ ಕೋಡ್ ಬಾಗಿಲು ತೆರೆಯುವುದಕ್ಕೆ ಮಾತ್ರ, ಎಂಜಿನ್ನಿಗಲ್ಲ. ಎಂಜಿನ್ ಎದ್ದಿದ್ದರೂ ಓಡಿಸಲು ಬರುತ್ತಿರಲಿಲ್ಲ. ಮೇಲೆ ಓಡಿ ಗೇಟಿನ ವಾಚ್‌ಮನ್‌ನನ್ನು ಕರೆಯಬೇಕು ಎಂದುಕೊಂಡಳು. "ಅತ್ತಿಗೆ, ಈಗ ಬಂದೆ" ಎಂದಳು. ಕಾರಿನ ಬಾಗಿಲು ತಳ್ಳಿ ಒಂದು ಹೆಜ್ಜೆ ಇಟ್ಟಳು.

ಲಿಫ್ಟು ಟಣ್ ಎಂದಿತು.

ಕಡ್ಡಿ ಕಂಬದ ಹಿಂದೆ ಇದ್ದಳು. ಕೈಯಲ್ಲಿ ಬಕೆಟ್. ಯಾವಾಗ ಎತ್ತಿಕೊಂಡಳೋ, ಯಾವಾಗ ಬಂದಳೋ ಅವಳಿಗೆ ಗೊತ್ತಿಲ್ಲ. ಇಲ್ಲಿಗೇ ಈ ಕಥೆ ನಿಂತುಬಿಡಬಾರದಿತ್ತೇ ಎಂದು ಅವಳು ಆಮೇಲೆ ಎಷ್ಟೋ ಸಲ ಬೇಡಿಕೊಂಡಿದ್ದಾಳೆ.

ಬಂದವನು ಅವಸರದ ಮನುಷ್ಯ. ಹೆಗಲಿಗೆ ಬ್ಯಾಗು, ಕಿವಿಯಲ್ಲಿ ಹತ್ತಿಯುಂಡೆಯಂಥ ಯಂತ್ರ. ಫೋನ್ ಒತ್ತಿದ, ಹದಿನೇಳನೇ ಕಾರು ಕಣ್ಣು ಮಿಟುಕಿಸಿತು. ಡ್ರೈವರ್ ಬಾಗಿಲು ತೆಗೆದು ಬ್ಯಾಗು ಇಟ್ಟ. ಹಿಂದೆ ನೋಡಿದ. "ಹಲೋ? ಏನ್ರೀ ಇದು?" ಅಂದ. ಹಿಂದಿನ ಸೀಟಿನಿಂದ ಹಳದಿ ಗವಸಿನ ಕೈಯೊಂದು ಮೇಲೆದ್ದಿತು. ಗಾಜಿನಾಚೆಯಿಂದ ಕಡ್ಡಿ ಅದನ್ನು ನೋಡಿದಳು. ಕೈ ಅವನನ್ನು ಕರೆಯುತ್ತಿತ್ತೋ ಕಡ್ಡಿಯನ್ನು ಕರೆಯುತ್ತಿತ್ತೋ.

ಇವನ ಹತ್ತಿರ ಕಾರಿದೆ, ಇವನು ಕರೆದುಕೊಂಡು ಹೋಗುತ್ತಾನೆ ಎಂದು ಕಡ್ಡಿ ಅಂದುಕೊಂಡಳು. ನಾನು ಎದುರಿಗೆ ಹೋದರೆ ಅವನಿಗೆ ಸಿಟ್ಟು ಬಂದು ಎಲ್ಲ ಕೆಡುತ್ತದೆ. ಕಾಣಿಸದಿದ್ದರೆ ಕನಿಕರ ಬರುತ್ತದೆ. ಹೀಗೆ ಅಂದುಕೊಂಡಳು. ಅಂದುಕೊಳ್ಳುತ್ತಲೇ ನಿಂತಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ಗ್ರಾಹಕರ ಆಪ್‌ನಲ್ಲಿ ಮಾತಾಡುವ ಗುಂಡಿ ಇರುತ್ತದೆ. ಒತ್ತಿದರೆ ಆ ಕ್ಷಣ ಮನುಷ್ಯರ ದನಿ ಬರುತ್ತದೆ. "ನನ್ನ ಕಾರಲ್ಲಿ ಯಾರೋ ಮಲಗಿದಾಳೆ ರೀ. ಕ್ಲೀನರ್ ಇರ್ಬೇಕು. ಕುಡಿದಿದಾಳೋ ಏನೋ. ನನಗೆ ಮೀಟಿಂಗ್ ಇದೆ, ಬೇರೆ ಕಾರು ಕೊಡಿ" ಅಂದ. ಕೊಟ್ಟರು. ಬ್ಯಾಗು ತೆಗೆದುಕೊಂಡು ಬಾಗಿಲು ಹಾಕಿದ. ಬುಕಿಂಗ್ ರದ್ದಾಯಿತು. ನಾಲ್ಕೂ ಬಾಗಿಲು ಟಕ್ಕೆಂದು ಲಾಕ್ ಆದವು. ಅವನು ಹದಿನೆಂಟನೇ ಕಾರಿನಲ್ಲಿ ಹೊರಟುಹೋದ.

ಕಡ್ಡಿ ಓಡಿಬಂದು ಬಾಗಿಲು ಎಳೆದಳು. ತೆರೆಯಲಿಲ್ಲ. ಅವಳ ಕೋಡ್ ಆ ಕಾರಿಗೆ ಆ ದಿನಕ್ಕೆ ಮುಗಿದಿತ್ತು. ಗಾಜಿಗೆ ಗುದ್ದಿದಳು. ಒಳಗಿನ ಕೈ ಕೆಳಗೆ ಬಿದ್ದಿತ್ತು. ಆಮೇಲೆ ಇಳಿಜಾರು ಹತ್ತಿ ಮೇಲೆ ಓಡಿದಳು, ಕಿರುಚಿದಳು. ವಾಚ್‌ಮನ್ ಮುದುಕ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ತಂದು ಗಾಜು ಒಡೆದ. ಅವನ ಮೊಣಕೈ ಕೂಡ ಕುಯ್ದುಹೋಯಿತು. ಆಂಬುಲೆನ್ಸ್ ಬಂತು. ಆಸ್ಪತ್ರೆಯ ಡಾಕ್ಟರು ಅಣ್ಣನಿಗೆ, "ಸ್ವಲ್ಪ ಮೊದಲೇ ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಅಂದರು. ಡಾಕ್ಟರುಗಳಿಗೆ ಇದನ್ನು ಹೇಳದಿದ್ದರೆ ಸಮಾಧಾನವಿಲ್ಲ.

ಅಣ್ಣ ಗೋದಾಮಿನಲ್ಲಿ ಮೂಟೆ ಹೊರುವವನು. ಬೆನ್ನು ಬಾಗಿದೆ, ಮಾತು ಕಡಿಮೆ. ಹೆಣದ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದ: "ನೀನೆಲ್ಲಿದ್ದೆ?"

"ನೀರು ತರೋಕೆ ಮೇಲೆ ಹೋಗಿದ್ದೆ ಅಣ್ಣ. ಬರೋ ಹೊತ್ತಿಗೆ ಹಿಂಗಾಗಿತ್ತು."

ಆ ಸುಳ್ಳು ಬಾಯಿಂದ ಬಂದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ.

ಐದನೇ ದಿನ ಕಡ್ಡಿ ಕೆಲಸಕ್ಕೆ ಹೋದಳು. ಹೋಗದಿದ್ದರೆ ಕೋಡ್ ಬೇರೆಯವರ ಪಾಲಾಗುತ್ತಿತ್ತು. ವಾಚ್‌ಮನ್ ಮುದುಕ ಗೇಟಿನಲ್ಲಿರಲಿಲ್ಲ. ಕಾರಿಗೆ ಹಾನಿ ಮಾಡಿದನೆಂದು ತೆಗೆದುಹಾಕಿದ್ದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಹದಿನೇಳನೇ ಕಾರಿಗೆ ಹೊಸ ಗಾಜು ಬಂದಿತ್ತು, ಸೀಟಿಗೆ ನೀರು ಹೊಡೆದು ಉಜ್ಜಿಸಿದ್ದರು. ಕಾರಿನ ಬಗ್ಗೆ ಗ್ರಾಹಕರು ಬರೆದದ್ದು ಒರೆಸುವವರ ಫೋನಿಗೂ ಬರುತ್ತದೆ, ತಪ್ಪು ತಿದ್ದಿಕೊಳ್ಳಲಿ ಎಂದು. ಮೇಲುಗಡೆಯೇ ಇತ್ತು: ‘ಕಾರಿನಲ್ಲಿ ಬೇರೆ ಯಾರೋ ಇದ್ದರು. ಸ್ವಚ್ಛತೆ: ಒಂದು ನಕ್ಷತ್ರ.’ ಅದರ ಕೆಳಗೆ ಕಂಪನಿಯ ಉತ್ತರ: ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಖಾತೆಗೆ ಒಂದು ಗಂಟೆಯ ಉಚಿತ ಪ್ರಯಾಣ ಸೇರಿಸಿದ್ದೇವೆ.’

ಕಡ್ಡಿ ಅದನ್ನು ನಾಲ್ಕು ಸಲ ಓದಿದಳು. ಒಂದು ಗಂಟೆ. ಹನ್ನೊಂದು ಕಾರು. ಅತ್ತಿಗೆ ಕಾಲು ಚಾಚಿಕೊಂಡು ಕೂರಬೇಕೆಂದಿದ್ದ ಗಂಟೆಯನ್ನು ಅತ್ತಿಗೆಯ ಸಾವಿನ ಲೆಕ್ಕದಲ್ಲಿ ಅವನಿಗೆ ಬಿಟ್ಟಿ ಕೊಟ್ಟಿದ್ದರು. ಅವಳು ಬಕೆಟ್ಟಿನೊಳಕ್ಕೆ ವಾಂತಿ ಮಾಡಿಕೊಂಡಳು. ಆಮೇಲೆ ಬಕೆಟ್ಟು ತೊಳೆದಳು.

ಅಲ್ಲಿಂದ ಶುರುವಾಯಿತು.

ಹದಿನೇಳನೇ ಕಾರಿನಿಂದ ಹೊಸ ದೂರುಗಳು ಬಂದವು. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ, ಆದರೂ ಬೆಲ್ಟು ಹಾಕಿ ಬೆಲ್ಟು ಹಾಕಿ ಎಂದು ಕಾರು ಬಡಿದುಕೊಳ್ಳುತ್ತದೆ ಎಂದು ಒಬ್ಬರು. ಊರು ದಾಟುವವರೆಗೂ ಕೂಗು ನಿಲ್ಲಲಿಲ್ಲ, ಮಗು ಹೆದರಿಕೊಂಡಿತು ಎಂದು ಇನ್ನೊಬ್ಬರು. ಮೆಕ್ಯಾನಿಕ್ ಬಂದು ನೋಡಿ, "ಸೀಟಿನೊಳಗೆ ನೀರು ಕೂತು ಸೆನ್ಸರ್ ಕೆಟ್ಟಿದೆ. ಯಾರೋ ಕೂತಿದಾರೆ ಅಂತಾನೇ ಅದು ತಿಳ್ಕೊಂಡಿದೆ. ಸೀಟು ಬಿಚ್ಚಬೇಕು, ಎರಡು ದಿನ ಬಿಡಿ" ಅಂದ.

"ಎರಡು ದಿನದ ಬಾಡಿಗೆ ನೀನು ಕೊಡ್ತೀಯಾ?" ಎಂದ ಸೂಪರ್‌ವೈಸರ್. ಕಡ್ಡಿಯ ಕಡೆ ತಿರುಗಿ, "ದಿನಾ ಒರೆಸಿದ ಮೇಲೆ ಖಾಲಿ ಸೀಟಿಗೇ ಬೆಲ್ಟ್ ಹಾಕಿಬಿಡು. ಕೂಗಲ್ಲ" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೊದಲ ದಿನ ಬೆಲ್ಟು ಎಳೆದು ಆ ಖಾಲಿ ಸೀಟಿಗೆ ಹಾಕುವಾಗ ಕಡ್ಡಿಯ ಕೈ ತಂತಾನೇ ಸ್ವಲ್ಪ ಮುಂದೆ ಬಂತು. ದಪ್ಪ ಹೊಟ್ಟೆಯ ಹೆಂಗಸೊಬ್ಬಳು ಅಲ್ಲಿ ಕೂತಿದ್ದರೆ ಎಷ್ಟು ಸುತ್ತಿ ತರಬೇಕೋ ಅಷ್ಟು. ಎರಡನೆಯ ದಿನ, "ಬಿಗಿ ಆಯ್ತಾ ಅತ್ತಿಗೆ?" ಎಂದು ಕೇಳಿದಳು. ಮೂರನೆಯ ದಿನದಿಂದ ಕೇಳುವುದು ರೂಢಿಯಾಯಿತು.

ಒಂದು ದಿನ ಆಪ್ ಆ ಕಾರಿನ ಹಿಂದಿನ ಸೀಟಿನ ಫೋಟೋ ವಾಪಸ್ ಕಳಿಸಿತು. ಚಿತ್ರದಲ್ಲಿ ವ್ಯಕ್ತಿ ಕಾಣಿಸುತ್ತಿದ್ದಾರೆ. ಮತ್ತೆ ತೆಗೆದಳು. ವ್ಯಕ್ತಿ ಕಾಣಿಸುತ್ತಿದ್ದಾರೆ. ಬಗ್ಗಿ, ಉಸಿರು ಹಿಡಿದು, ತನ್ನ ನೆರಳು ಎಲ್ಲೂ ಬೀಳದಂತೆ ತೆಗೆದಳು. ವ್ಯಕ್ತಿ ಕಾಣಿಸುತ್ತಿದ್ದಾರೆ. ಫೋಟೋ ದೊಡ್ಡದು ಮಾಡಿ ನೋಡಿದಳು. ಬೂದು ಸೀಟು, ಅಡ್ಡ ಹಾದ ಬೆಲ್ಟು. ಬೇರೇನೂ ಇಲ್ಲ. ಹದಿನೆಂಟು ನಿಮಿಷದಲ್ಲಿ ಒಂದು ನಿಮಿಷ ಉಳಿದಿತ್ತು. ಅವಳು ಸೀಟಿಗೆ ಹೇಳಿದಳು, "ಅತ್ತಿಗೆ, ಸ್ವಲ್ಪ ಸರ್ಕೋ. ನನ್ನ ಕೂಲಿ ಹೋಗುತ್ತೆ."

ನಾಲ್ಕನೆಯ ಫೋಟೋ ಪಾಸಾಯಿತು. ಕಡ್ಡಿ ಕಾರಿನ ಚಕ್ರಕ್ಕೊರಗಿ ನೆಲದಲ್ಲಿ ಕೂತು, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಸತ್ತವಳನ್ನೂ ಪಕ್ಕಕ್ಕೆ ಸರಿಯಲು ಹೇಳಿದೆನಲ್ಲ ಎಂದು ಅತ್ತಳು. ಹೇಳಿದ ಕೂಡಲೇ ಅವಳು ಸರಿದಳಲ್ಲ ಎಂದು ಇನ್ನಷ್ಟು ಅತ್ತಳು.

ಮನೆಯಲ್ಲಿ ಅಣ್ಣನೇ ಅಡಿಗೆ ಮಾಡುತ್ತಿದ್ದ. ಬೇಳೆ ಹಸಿಯಾಗಿರುತ್ತಿತ್ತು, ಉಪ್ಪು ಹೆಚ್ಚಾಗಿರುತ್ತಿತ್ತು. ಇಬ್ಬರೂ ಅದನ್ನೇ ತಿನ್ನುತ್ತಿದ್ದರು. ಒಂದು ದಿನ ಅವನು ತಟ್ಟೆ ನೋಡುತ್ತ ಹೇಳಿದ: "ನೀನು ಹತ್ತಿರ ಇದ್ದಿದ್ರೆ ಅವಳು ಹಾಗೆ ಒಬ್ಬಳೇ ಹೋಗ್ತಿರ್ಲಿಲ್ಲ. ಏನ್ಮಾಡೋದು. ನೀರಿಗೆ ಹೋಗಿದ್ದೆ. ನಿನ್ನ ತಪ್ಪೇನಿದೆ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಡ್ಡಿ ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದಳು.

ಒಂದು ತಿಂಗಳಾದ ಮೇಲೆ ಆಫೀಸಿನಿಂದ ಕರೆ ಬಂತು. ಅಣ್ಣ, ತಂಗಿ ಇಬ್ಬರೂ ಬರಬೇಕು. ಕಾಗದ ತಯಾರಾಗಿದೆ. ಅಣ್ಣ ರುಜು ಹಾಕಿದರೆ ‘ಅನುಕಂಪದ ನೆರವು’ ಎಂದು ಒಂದಿಷ್ಟು ಕೊಡುತ್ತಾರೆ. ಕಡ್ಡಿ ಸಾಕ್ಷಿ ಹಾಕಿದರೆ ಅವಳನ್ನು ನೆಲಮಾಳಿಗೆಯ ಮುಖ್ಯಸ್ಥೆ ಮಾಡುತ್ತಾರೆ, ಕೈಕೆಳಗೆ ಇಬ್ಬರು. ಹಾಕದಿದ್ದರೆ ಏನಾಗುತ್ತದೆಂದು ಸೂಪರ್‌ವೈಸರ್ ಬಾಯಿಬಿಟ್ಟು ಹೇಳಲಿಲ್ಲ. "ವಾಚ್‌ಮನ್ ಹೋದ ಮೇಲೆ ಗೇಟು ಭಣಭಣ ಅಲ್ವಾ" ಎಂದಷ್ಟೇ ಹೇಳಿದ.

ಆಫೀಸು ಮೂರನೇ ಮಹಡಿ, ಲಿಫ್ಟಿನ ಎದುರಿನ ಕೋಣೆ. ಮೇಜಿನಾಚೆ ಕಂಪನಿಯ ಮೇಡಂ, ಪಕ್ಕದಲ್ಲಿ ಸೂಪರ್‌ವೈಸರ್. ಗೋಡೆಗೊಂದು ಕಬ್ಬಿಣದ ಬೀರು. ಮೇಡಂ ಒಳ್ಳೆಯ ಮಾತಿನವರು. ಕುರ್ಚಿ ತೋರಿಸಿ "ಕೂತ್ಕೊಳ್ಳಿಮ್ಮ" ಅಂದರು. ಅಣ್ಣ ಕೂತ. ಕಡ್ಡಿ ನಿಂತೇ ಇದ್ದಳು. ಅಭ್ಯಾಸ.

ಮೇಡಂ ಕಾಗದ ಓದಿದರು. ಮೃತಳು ಕೆಲಸದ ಹೊತ್ತಲ್ಲದ ಹೊತ್ತಿನಲ್ಲಿ ವಿಶ್ರಾಂತಿಗಾಗಿ, ಅನುಮತಿಯಿಲ್ಲದೆ, ಸ್ವಇಚ್ಛೆಯಿಂದ ವಾಹನದಲ್ಲಿ ಮಲಗಿದ್ದಳು. ಬಾಗಿಲು ಒಳಗಿನಿಂದ ಮುಚ್ಚಿತ್ತು. ಆ ಹೊತ್ತಿನಲ್ಲಿ ವಾಹನದ ಹತ್ತಿರ ಬೇರೆ ಯಾರೂ ಇರಲಿಲ್ಲ.

"ಅವಳು ಹಾಗೆ ಕೆಲಸ ಬಿಟ್ಟು ಮಲಗೋಳಲ್ಲ ಮೇಡಂ" ಎಂದ ಅಣ್ಣ.

"ನಮಗೂ ಗೊತ್ತು ಯಜಮಾನ್ರೇ. ಇದು ಬರೀ ಭಾಷೆ. ಹೋದವರಂತೂ ಬರಲ್ಲ. ಇದ್ದವರು ಬದುಕಬೇಕಲ್ಲ?"

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ ರುಜು ಹಾಕಿದ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಗದ ಕಡ್ಡಿಯ ಕಡೆ ತಿರುಗಿತು.

ಅವಳು ಕೊನೆಯ ಸಾಲು ನೋಡಿದಳು. ಬೇರೆ ಯಾರೂ ಇರಲಿಲ್ಲ. ಆ ಸಾಲು ಕಂಪನಿಯನ್ನು ಉಳಿಸಲು ಬರೆದದ್ದು. ಆದರೆ ಅದು ಅವಳನ್ನೂ ಉಳಿಸುತ್ತಿತ್ತು. ಇಲ್ಲೊಂದು ರುಜು ಹಾಕಿದರೆ ಅವಳು ಆ ದಿನ ಅಲ್ಲಿರಲೇ ಇಲ್ಲ. ಕಂಬ ಇಲ್ಲ, ಬಕೆಟ್ ಇಲ್ಲ, ಕೈ ಎದ್ದದ್ದನ್ನು ಯಾರೂ ನೋಡಿಲ್ಲ. ಕಾಗದವೇ ಹೇಳುತ್ತದೆ. ಅಣ್ಣ ಸಾಯುವವರೆಗೂ "ನಿನ್ನ ತಪ್ಪೇನಿದೆ" ಎನ್ನುತ್ತಲೇ ಇರುತ್ತಾನೆ. ಎಷ್ಟು ಸಲೀಸು. ಅವಳಿಗೆ ಆಸೆಯಾಯಿತು. ಸುಳ್ಳು ಹೇಳುವುದೇಕೆ, ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಪೆನ್ನು ತೆಗೆದುಕೊಂಡಳು.

ಹೊರಗೆ ಲಿಫ್ಟು ಟಣ್ ಎಂದಿತು. ಯಾರೋ ಗ್ರಾಹಕರು, ಬಿಲ್ಲಿನಲ್ಲಿ ಹೆಚ್ಚು ಹಿಡಿದಿದ್ದೀರೆಂದು ಜಗಳಕ್ಕೆ ಬಂದವರು. ಬಾಗಿಲವರೆಗೆ ಬಂದು, ಒಳಗೆ ಜನ ಇರುವುದು ಕಂಡು, ಆಮೇಲೆ ಬರುತ್ತೇವೆಂದು ಹೋದರು.

"ಎಲ್ಲಿ ಹೋದ್ಲು?" ಎಂದರು ಮೇಡಂ.

ಅಣ್ಣ ತಿರುಗಿ ನೋಡಿದ. ಕಡ್ಡಿ ಬೀರುವಿನ ಹಿಂದೆ, ಗೋಡೆಗೂ ಕಬ್ಬಿಣಕ್ಕೂ ನಡುವಿನ ಸಂದಿಯಲ್ಲಿ, ಪೆನ್ನನ್ನು ಎದೆಗವಚಿಕೊಂಡು ನಿಂತಿದ್ದಳು. ಉಸಿರು ಬಿಗಿಹಿಡಿದಿದ್ದಳು.

"ಯಾಕೆ ಅಲ್ಲಿ ನಿಂತಿದೀಯ?"

ಕಡ್ಡಿಗೇ ಆಗ ಗೊತ್ತಾದದ್ದು. ತಲೆ ತಗ್ಗಿಸಿ ತನ್ನ ಕಾಲು ನೋಡಿಕೊಂಡಳು. ಬೇರೆ ಯಾರದ್ದೋ ಕಾಲು ನೋಡಿದ ಹಾಗೆ. ಆ ಕಾಲಿನ ಮೇಲೆ ಅವಳಿಗೆ ಬಂದ ರೋಷ ಇಷ್ಟು ದಿನ ಯಾರ ಮೇಲೂ ಬಂದಿರಲಿಲ್ಲ.

"ಅವತ್ತೂ ಹೀಗೇ ನಿಂತಿದ್ದೆ ಅಣ್ಣ."

"ಯಾವತ್ತು?"

"ಅತ್ತಿಗೆ ಹೋದ ದಿನ. ನೀರಿಗೆ ಹೋಗಿರ್ಲಿಲ್ಲ ನಾನು. ಅಲ್ಲೇ ಇದ್ದೆ."

ಸೂಪರ್‌ವೈಸರ್ ಎದ್ದು ಅವಳ ತೋಳಿಗೆ ಕೈ ಚಾಚಿದ. "ಏಯ್, ಏನೇನೋ ಮಾತಾಡ್ಬೇಡ. ಸೈನ್ ಹಾಕು."

"ಮುಟ್ಟಬೇಡಿ ನನ್ನ" ಎಂದು ಕಡ್ಡಿ ಸಂದಿಯಿಂದ ಈಚೆ ಬಂದಳು. "ಅತ್ತಿಗೆ ಮಲಗೋಕೆ ಹೋಗಿದ್ದಲ್ಲ. ನಾನು ಎತ್ತಿ ಮಲಗಿಸಿದ್ದು. ಎದೆ ನೋವು ಅಂದ್ಲು. ಒಬ್ಬ ಬಂದ. ಕಾರು ತೆಗೆದ. ಅತ್ತಿಗೆ ಕೈ ಎತ್ತಿದ್ಲು. ಅವನು ನಿಮಗೇ ಫೋನ್ ಮಾಡಿದ. ನೀವು ಅವನಿಗೆ ಬೇರೆ ಕಾರು ಕೊಟ್ರಿ. ಅವಳಿಗೆ ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ. ಬಾಗಿಲು ಒಳಗಿಂದ ಮುಚ್ಚಿರ್ಲಿಲ್ಲ, ನೀವು ಮುಚ್ಚಿದ್ದು. ಒಳಗೆ ಅವಳನ್ನ ಇಟ್ಟು ಮುಚ್ಚಿದ್ದು."

"ಅದಕ್ಕೆ ಪುರಾವೆ ಏನಮ್ಮ?" ಎಂದರು ಮೇಡಂ. ದನಿ ಈಗಲೂ ಮೆತ್ತಗೇ ಇತ್ತು.

"ನಿಮ್ಮ ಕಾರೇ ಪುರಾವೆ. ನಾವು ಕೂತ್ರೆ ನಿಮಗೆ ಗೊತ್ತಾಗುತ್ತೆ ಅಂತೀರಲ್ಲ. ಎಷ್ಟು ಹೊತ್ತಿಗೆ ಭಾರ ಬಿತ್ತು, ಎಷ್ಟು ಹೊತ್ತಿಗೆ ಯಾರ ಫೋನಿಂದ ಬಾಗಿಲು ತೆರೀತು, ಎಷ್ಟು ಹೊತ್ತಿಗೆ ಲಾಕ್ ಆಯ್ತು, ಎಲ್ಲ ನಿಮ್ಮ ಹತ್ರ ಇದೆ. ಅವನು ಬರೆದೂ ಇದಾನೆ. ಕಾರಲ್ಲಿ ಬೇರೆ ಯಾರೋ ಇದ್ರು ಅಂತ. ಬೇರೆ ಯಾರೋ ಅಲ್ಲ ಮೇಡಂ, ನಮ್ಮ ಅತ್ತಿಗೆ ಅದು."

ಅಣ್ಣ ತಂಗಿಯನ್ನೇ ನೋಡುತ್ತಿದ್ದ.

"ನೀನು ಎಲ್ಲಿದ್ದೆ?"

"ಕಂಬದ ಹಿಂದೆ."

"ನೋಡ್ತಾ ಇದ್ಯಾ?"

"ನೋಡ್ತಾ ಇದ್ದೆ."

"ಎಷ್ಟು ಹೊತ್ತು?"

"ನಾಲ್ಕು ನಿಮಿಷ ಇರಬಹುದು. ಅವರು ಕಲಿಸಿದ್ರು, ನಾನು ಕಲ್ತೆ. ಅವನು ಕರ್ಕೊಂಡು ಹೋಗ್ತಾನೆ ಅಂದ್ಕೊಂಡೆ. ಕಾಲು ಬರ್ಲಿಲ್ಲ ಅಣ್ಣ."

ಅಣ್ಣ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡು ಕಡ್ಡಿ ಮುಖವನ್ನು ಹಾಗೇ ಒಡ್ಡಿದಳು. ಹೊಡೆಯಲಿ ಎಂದು ಅವಳಿಗಿತ್ತು. ಅವನ ಕೈ ಎದ್ದದ್ದೂ ನಿಜ. ಅದು ಅವಳ ಕೆನ್ನೆಯ ಪಕ್ಕದಿಂದ ಹಾದು ಮೇಜಿನ ಮೇಲಿದ್ದ ಕಾಗದವನ್ನು ಹಿಡಿಯಿತು. ಅವನು ಅದನ್ನು ಹರಿಯಲಿಲ್ಲ. ತಂಗಿಯ ಕೈಯಿಂದ ಪೆನ್ನು ತೆಗೆದುಕೊಂಡು, ತಾನು ರುಜು ಹಾಕಿದ್ದ ಜಾಗದ ಮೇಲೆ ಗೀಟಿನ ಮೇಲೆ ಗೀಟು, ಗೀಟಿನ ಮೇಲೆ ಗೀಟು, ಕಾಗದ ತೂತಾಗುವವರೆಗೂ ಎಳೆದ.

"ಯಜಮಾನ್ರೇ, ಯೋಚನೆ ಮಾಡಿ" ಎಂದರು ಮೇಡಂ. "ನೆರವಿನ ಹಣ ಹೋಗುತ್ತೆ. ಇವಳ ಕೆಲಸ ಹೋಗುತ್ತೆ. ಇವಳೇ ನಿಮ್ಮ ಹೆಂಡತಿನ ಬಿಟ್ಟು ಅಡಗಿಕೊಂಡಿದ್ದವಳು. ಇವಳ ಮಾತು ನಂಬ್ತೀರಾ?"

"ಇವಳ ಮುಖ ಇನ್ಮೇಲೆ ನೋಡ್ತೀನೋ ಇಲ್ವೋ, ಅದು ನಮ್ಮ ಮನೆ ಮಾತು" ಎಂದ ಅಣ್ಣ. "ಅದನ್ನ ನಾವು ಮನೇಲಿ ಆಡ್ಕೋತೀವಿ. ಇವಳು ಹೇಳಿದ್ದನ್ನ ನೀವು ಬರೀರಿ."

"ಈ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ" ಎಂದ ಸೂಪರ್‌ವೈಸರ್.

ಅಣ್ಣ ಕಾಗದವನ್ನು ಮಗುಚಿ, ಖಾಲಿ ಬೆನ್ನು ಮೇಲಕ್ಕೆ ಮಾಡಿ ಮೇಜಿನ ಮೇಲೆ ತಟ್ಟಿದ. ಕುರ್ಚಿಯನ್ನು ಎಳೆದು ತಂಗಿಯ ಹಿಂದೆ ತಂದಿಟ್ಟ. ಅವಳ ಕಡೆ ನೋಡದೆ ಹೇಳಿದ:

"ಕೂತ್ಕೊಂಡು ಹೇಳು. ಮೊದಲಿಂದ ಹೇಳು. ಕಂಬದ್ದೂ ಹೇಳು."